ವೇಳೆ ಯಾರದು?

ಸದ್ಭಕ್ತರೇ, ಗಡಿಯಾರದ ವೇಳೆ ಸರಿಯಾಗಿದೆ ಎಂದು ನಾವು ದಿನವೂ ಹೇಳುತ್ತೇವೆ. ಯಾವುದಕ್ಕೆ ಸರಿ, ಯಾರಿಗೆ ಸರಿ ಎಂದು ಕೇಳಿಕೊಳ್ಳುವುದಿಲ್ಲ. ಹಾಗೆ ಕೇಳಿಕೊಳ್ಳಲೇಬೇಕಾದ ಪ್ರಸಂಗವೊಂದು ಮಹಾಶಿವರಾತ್ರಿಯ ದಿನ ಸೋಂದೆಯಲ್ಲಿ ನಮಗೆ ಒದಗಿತು. ಸಂಬಂಧಪಟ್ಟ ಹಿರಿಯರ ಒಪ್ಪಿಗೆ ಪಡೆದೇ ಅದನ್ನಿಲ್ಲಿ ನಿವೇದಿಸುತ್ತಿದ್ದೇವೆ.

ಶಾಲ್ಮಲೆಯ ಸಹಸ್ರಲಿಂಗದ ದರ್ಶನಕ್ಕೆಂದು ಹೋದವರು ಸಮೀಪದ ಅಡಿಕೆತೋಟದ ಅಂಚಿನಲ್ಲಿರುವ ಭಕ್ತರೊಬ್ಬರ ಮನೆಯಲ್ಲಿ ಬಿಡಾರ ಮಾಡಿದ್ದೆವು. ಹದಿನೇಳನೆಯ ಶತಮಾನದ ಕೊನೆಗೂ ಹದಿನೆಂಟನೆಯದರ ಆದಿಗೂ ಸೋದೆಯನ್ನಾಳಿದ ಸದಾಶಿವರಾಯರ ಕಾಲದಲ್ಲಿ ಹೊಳೆಯ ಬಂಡೆಗಳ ಮೇಲೆ ಕಡೆದ ಆ ಲಿಂಗಗಳು ಮಳೆಗಾಲದಲ್ಲಿ ನೀರಿನಡಿ ಅಡಗಿ, ಹೊಳೆ ಇಳಿದಂತೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಅದೂ ಒಂದು ಗಡಿಯಾರವೇ. ಕೀಲಿ ಕೊಡುವ ಗೊಡವೆಯಿಲ್ಲದ್ದು.

ಮಧ್ಯಾಹ್ನ ಪೂಜೆಯ ತರುವಾಯ ಮನೆಯ ಯಜಮಾನರು ಒಂದು ಪೆಟ್ಟಿಗೆಯನ್ನು ತಂದು ಮುಂದಿಟ್ಟರು. ಎಪ್ಪತ್ತು ದಾಟಿದವರು, ಹಿಂದಿನ ವರ್ಷ ಪುಷ್ಯಮಾಸದಲ್ಲಿ ಪತ್ನಿಯನ್ನು ಕಳೆದುಕೊಂಡಿದ್ದರು. ಪೆಟ್ಟಿಗೆಯಲ್ಲಿದ್ದುದು ನ್ಯೂಯಾರ್ಕಿನಲ್ಲಿರುವ ಮಗ ಕಳಿಸಿದ ಕೈಗಡಿಯಾರ. “ಗುರುಗಳೇ, ಇದಕ್ಕೆ ವೇಳೆ ಹೊಂದಿಸಿಕೊಡಬೇಕು. ಪುಸ್ತಿಕೆ ಇಂಗ್ಲಿಷಿನಲ್ಲಿದೆ, ನನಗೆ ತಿಳಿಯದು” ಎಂದರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿದ ಎಚ್.ಎಂ.ಟಿ.ಯ ಒಂದು ಗಡಿಯಾರವನ್ನು ಕಟ್ಟಿಯೇ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಪರೀಕ್ಷೆಗೆ ಕುಳಿತವರು. ಅದಕ್ಕೆ ಬೆಳಿಗ್ಗೆ ಎದ್ದು ಕೀಲಿ ಕೊಟ್ಟರೆ ಮುಗಿಯಿತು. ಇದೂ ಬ್ಯಾಟರಿಯಿಲ್ಲದ ಕೀಲಿಯ ಯಂತ್ರವೇ. ಆದರೆ ಇದರ ಡಯಲಿನ ಕೆಳಗೆ ಚಂದ್ರನ ಕಲೆಗಳನ್ನು ತೋರಿಸುವ ಕಿಂಡಿ, ಅಂಚಿನ ಸುತ್ತ ಇಪ್ಪತ್ನಾಲ್ಕು ನಗರಗಳ ಹೆಸರುಗಳು.

ಚಂದ್ರನಿಂದ ಆರಂಭಿಸಿದೆವು. ಕಿಂಡಿಯ ಹಿಂದೆ ಎರಡು ಚಂದ್ರಬಿಂಬಗಳಿರುವ ತಟ್ಟೆ; ಅದನ್ನು ತಿರುಗಿಸುವುದು ಸಾಮಾನ್ಯವಾಗಿ 59 ಹಲ್ಲಿನ ಚಕ್ರ. ಎರಡು ಮಾಸಗಳಿಗೆ 59 ದಿನ, ಅಂದರೆ ಮಾಸವೊಂದಕ್ಕೆ ಇಪ್ಪತ್ತೊಂಬತ್ತೂವರೆ ದಿನ. ಆಕಾಶದ ಚಂದ್ರನಿಗೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ ಬೇಕು. ಈ 44 ನಿಮಿಷಗಳು ಕೂಡುತ್ತ ಹೋಗಿ ಸುಮಾರು ಎರಡು ವರ್ಷ ಎಂಟು ತಿಂಗಳಿಗೆ ಒಂದು ದಿನದ ತಪ್ಪಾಗುತ್ತದೆ. ಆಗ ಮನುಷ್ಯನೇ ತಲೆಯೆತ್ತಿ ಮುಗಿಲು ನೋಡಿ ತಿದ್ದಬೇಕು. ರಾತ್ರಿ ಒಂಬತ್ತರಿಂದ ಮುಂಜಾವ ಮೂರರವರೆಗೆ ಮಾತ್ರ ಮುಟ್ಟಬಾರದು; ಒಳಗಿನ ಹಲ್ಲುಗಳು ಆಗ ಒಂದನ್ನೊಂದು ಕಚ್ಚಿಕೊಂಡಿರುತ್ತವೆ, ಒತ್ತಿದರೆ ಮುರಿದಾವು. ಪಂಚಾಂಗ ತರಿಸಿ, ಹಿಂದಿನ ಹುಣ್ಣಿಮೆ ಕಳೆದು ಹದಿನಾಲ್ಕು ದಿನವೆಂದು ಎಣಿಸಿ, ಪೂರ್ಣಬಿಂಬವನ್ನು ಕಿಂಡಿಯ ನಡುವೆ ತಂದು ಹದಿನಾಲ್ಕು ಸಲ ಒತ್ತಿದೆವು. ಬಿಂಬ ಸರಿಯುತ್ತ ಸರಿಯುತ್ತ ಮರೆಯಾಯಿತು. “ಹೋದನಲ್ಲ” ಎಂದರು ಯಜಮಾನರು. ಶಿವರಾತ್ರಿಯ ಚತುರ್ದಶಿಯಂದು ಆತ ಹೋಗಿಯೇ ಇರಬೇಕಲ್ಲವೆ ಎಂದು ನಾವು ಸಹಜವಾಗಿ ನುಡಿದೆವು. ಆ ಮಾತಿನ ಭಾರ ನಮಗೆ ಆಗ ತಿಳಿಯಲಿಲ್ಲ.

ಇನ್ನೊಂದು ಸ್ವಾರಸ್ಯ. ಈ ಗಡಿಯಾರದ ಎಳೆಯ ಚಂದ್ರ ನೆಟ್ಟಗೆ ನಿಂತಿರುತ್ತಾನೆ. ನಮ್ಮಲ್ಲಿ ಶಿವರಾತ್ರಿ ಕಳೆದು ಮೂಡುವ ಬಿದಿಗೆಯ ಚಂದ್ರ ದೋಣಿಯಂತೆ ಅಂಗಾತ ಮಲಗಿರುತ್ತಾನೆ, ಶಿವನ ಜಟೆಯಲ್ಲಿ ಚಿತ್ರಕಾರರು ಬರೆಯುವಂತೆ.

ಬಳಿಕ ನಗರಗಳ ಬಳೆ. 1930ರ ದಶಕದಲ್ಲಿ ಜಿನೀವಾದ ಲೂಯಿ ಕೋಟಿಯೆ ಎಂಬ ಕುಶಲಿ ರೂಪಿಸಿದ ಏರ್ಪಾಡಿನ ಸಂತತಿ ಇದು. ನಮ್ಮ ನಗರವನ್ನು ಮೇಲ್ತುದಿಗೆ ತಂದರೆ ಉಳಿದ ನಗರಗಳ ಗಂಟೆಯನ್ನು ಬಳೆಯ ಮೇಲೆಯೇ ಓದಬಹುದು. ಆದರೆ ನಮ್ಮ ನಗರವೆಲ್ಲಿ? ಇಪ್ಪತ್ನಾಲ್ಕು ಪೂರ್ಣ ಗಂಟೆಗಳ ಲೆಕ್ಕದಲ್ಲಿ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಭಾರತಕ್ಕೆ ಎಡೆಯಿಲ್ಲ. ಕರಾಚಿಯನ್ನು ಮೇಲಿಟ್ಟರೆ ನ್ಯೂಯಾರ್ಕಿನ ವೇಳೆ ಅರ್ಧ ಗಂಟೆ ಮುಂದಾಯಿತು. ಢಾಕಾ ಇಟ್ಟರೆ ಅರ್ಧ ಗಂಟೆ ಹಿಂದಾಯಿತು. ಬೇಸಗೆಯಲ್ಲಿ ಆ ದೇಶದವರು ಗಡಿಯಾರವನ್ನು ಒಂದು ಗಂಟೆ ಮುಂದೂಡುವುದರಿಂದ ಈ ತಪ್ಪಿನ ಲೆಕ್ಕವೂ ಬದಲಾಗುತ್ತದೆ. ಕೈಯ ಫೋನಿನಲ್ಲಿ ಇದೆಲ್ಲ ಕ್ಷಣದಲ್ಲಿ ತಿಳಿಯುವುದಲ್ಲ ಎಂದು ತರುಣರು ನಗಬಹುದು. ನಗಲಿ.

ನಮ್ಮ ಐದೂವರೆಯಾದರೂ ಪ್ರಕೃತಿ ಕೊಟ್ಟುದಲ್ಲ. ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ವೇಳೆಯೇ ದೇಶದ ವೇಳೆ ಎಂದು 1906ರ ಜನವರಿ 1ರಂದು ಜಾರಿಗೆ ಬಂದರೂ ಕಲಕತ್ತೆ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ತಮ್ಮ ವೇಳೆಯನ್ನು ಬಿಟ್ಟುಕೊಡಲಿಲ್ಲ. ಸೋಂದೆ ಇರುವುದು ಆ ರೇಖೆಯಿಂದ ಸುಮಾರು 7.7 ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷದಂತೆ, ಇಲ್ಲಿಯ ಸೂರ್ಯ ದೇಶದ ಗಡಿಯಾರಕ್ಕಿಂತ ಸರಾಸರಿ 31 ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ. ಹಾಗೆಂದು ಗಡಿಯಾರ ಸುಳ್ಳೆನ್ನಲಾಗದು. ಬಸ್ಸು ಹಿಡಿಯುವವನಿಗೆ ದೇಶದ ಒಪ್ಪಂದವೇ ಸತ್ಯ. ವೈಶೇಷಿಕರು ಕಾಲವನ್ನು ಅಖಂಡವಾದ ಒಂದೇ ದ್ರವ್ಯವೆಂದೂ ಕ್ಷಣ, ದಿನ, ಮಾಸಗಳೆಂಬ ವಿಭಾಗ ಉಪಾಧಿಯಿಂದ ಬಂದುದೆಂದೂ ಹೇಳಿದರು. ಶೈವಾಗಮದ ಮೂವತ್ತಾರು ತತ್ತ್ವಗಳಲ್ಲಿ ಕಾಲವು ಜೀವನಿಗೆ ತೊಡಿಸಿದ ಒಂದು ಕಂಚುಕ. ಈ ಮಾತುಗಳನ್ನು ನಾವು ಯಜಮಾನರಿಗೆ ವಿಸ್ತರಿಸತೊಡಗಿದ್ದೆವು. ಅವರು ನಡುವೆಯೇ ಕೇಳಿದರು: “ಹಾಗಾದರೆ ಅಂದು ನಾನು ನೋಡಿದ ವೇಳೆ ಸರಿಯೋ, ತಪ್ಪೋ?”

ಅಂದು ಎಂದರೆ ಪತ್ನಿಯ ಕೊನೆಯ ದಿನ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಆ ತಾಯಿ, ಮಗನ ದನಿ ಕೇಳಬೇಕು, ಫೋನು ಹಚ್ಚಿಕೊಡಿ ಎಂದರಂತೆ. ಇವರು ಲೆಕ್ಕ ಹಾಕಿದರು. ಅಲ್ಲಿ ನಡುರಾತ್ರಿ ಎರಡೂವರೆ. ಬೆಳಗಾದರೆ ಕೆಲಸಕ್ಕೆ ಹೋಗಬೇಕಾದವನು, ಗಾಬರಿಯಾದಾನು, ಸಂಜೆ ಮಾತಾಡುವೆಯಂತೆ ಎಂದು ಸಮಾಧಾನ ಹೇಳಿದರು. ತಾಯಿ ಇನ್ನೊಮ್ಮೆ ಕೇಳಿದರು, ಸುಮ್ಮನಾದರು. ಸಂಜೆ ಆರಕ್ಕೆ, ಅಂದರೆ ಅಲ್ಲಿ ಬೆಳಗಿನ ಏಳೂವರೆಗೆ, ಫೋನು ಹಚ್ಚುವಾಗ ಮಾತು ನಿಂತುಹೋಗಿತ್ತು. ಮಗ ಬಂದ, ಕಾರ್ಯ ಮುಗಿಸಿದ, ಒಂದು ಕಟುಮಾತನ್ನೂ ಆಡದೆ ಮರಳಿದ. ವರ್ಷ ಕಳೆದ ಮೇಲೆ ಎರಡೂ ದೇಶದ ವೇಳೆ ತೋರಿಸುವ ಈ ಗಡಿಯಾರ ಬಂದಿದೆ. “ಇದು ಪ್ರೀತಿಯೋ, ಚುಚ್ಚುಮಾತೋ, ಗುರುಗಳೇ? ಕಟ್ಟಿಕೊಳ್ಳಲು ಕೈ ಬರುತ್ತಿಲ್ಲ.”

ಓದುಗರೇ, ಇಂಥಲ್ಲಿ “ಎಲ್ಲವೂ ಶಿವಸಂಕಲ್ಪ” ಎಂದು ನುಡಿದು ಪ್ರಸಾದ ಕೊಟ್ಟು ಕಳುಹುವುದು ಗುರುಸ್ಥಾನದಲ್ಲಿರುವವರಿಗೆ ಸುಲಭ. ನಮಗೆ ಅದು ವಂಚನೆಯೆನಿಸಿತು. ಯಜಮಾನರ ಲೆಕ್ಕದಲ್ಲಿ ನಿಮಿಷದ ತಪ್ಪೂ ಇರಲಿಲ್ಲ. ಈ ದುಬಾರಿ ಯಂತ್ರಕ್ಕೆ ದಕ್ಕದ ಅರ್ಧ ಗಂಟೆ ಅವರ ಬೆರಳೆಣಿಕೆಗೆ ದಕ್ಕಿತ್ತು. ಅವರ ಅಂತಃಕರಣದಲ್ಲಿಯೂ ಕೊರತೆಯಿರಲಿಲ್ಲ; ಮಗನ ನಿದ್ದೆಯನ್ನು ಕಾಯಲು ಹೊರಟ ತಂದೆ ಅವರು. ಆದರೆ ಅಲ್ಲಿ ಎರಡೂವರೆ ಎಂಬುದು ತಿಳಿವಳಿಕೆ. ಎರಡೂವರೆಗೆ ಮಗನನ್ನು ಎಬ್ಬಿಸಬಾರದು ಎಂಬುದು ಮಗನ ಪರವಾಗಿ ತಾವೇ ಮಾಡಿದ ತೀರ್ಮಾನ. ಅದಕ್ಕಿಂತಲೂ ಮುಖ್ಯವಾದುದು, ಇಲ್ಲಿಯ ಗಂಟೆ ಅಲ್ಲಿಯ ಗಂಟೆ ಎರಡನ್ನೂ ತೂಗಿದವರು, ಆ ವೇಳೆ ಹಾಸಿಗೆಯಲ್ಲಿದ್ದವರದು ಎಂಬುದನ್ನು ಮರೆತರು. ಕೇಳಿದವರು ಅವರು. ಉಳಿದಿದ್ದ ವೇಳೆ ಅವರದು.

ತಿಥಿ ವಾರ ನಕ್ಷತ್ರ ನೋಡಿ ಹೆಜ್ಜೆಯಿಡುವ ಭಯವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಕಚೇರಿಯ ವೇಳೆ, ನಿದ್ದೆಯ ವೇಳೆ, ಅವರಿಗೆ ತೊಂದರೆಯಾದೀತು ಎಂಬ ವೇಳೆ—ಇವು ನಾವು ಹೊಸದಾಗಿ ಕಟ್ಟಿಕೊಂಡ ರಾಹುಕಾಲಗಳು. ಮಠದಲ್ಲಿ ಓದಿ ದೂರದೇಶದಲ್ಲಿರುವ ಮಕ್ಕಳಿಗೂ ಒಂದು ಮಾತು: ಯಾವ ಹೊತ್ತಿನಲ್ಲಾದರೂ ಎಬ್ಬಿಸಿರಿ ಎಂದು ನೀವು ಮನೆಯವರಿಗೆ ಬಾಯಿಬಿಟ್ಟು ಹೇಳಿರುವಿರಾ? ಹೇಳದಿದ್ದರೆ ಅವರು ಲೆಕ್ಕವನ್ನೇ ಹಾಕುತ್ತಾರೆ.

“ತಪ್ಪಾಯಿತು, ಯಜಮಾನರೇ” ಎಂದೆವು. “ಪ್ರೀತಿಯಿಂದ ಆದ ತಪ್ಪು, ಆದರೂ ತಪ್ಪು. ಕೊಟ್ಟುದರ ಅರ್ಥವನ್ನು ಕೊಟ್ಟವನಲ್ಲದೆ ನಾವು ಹೇಳಲಾರೆವು. ಕೇಳಿಬಿಡಿ.” ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಣ್ಣೊರೆಸಿಕೊಂಡು, “ಕರಾಚಿಯನ್ನೇ ಮೇಲಿಡಿ, ಅರ್ಧ ಗಂಟೆಯನ್ನು ನಾನು ನೆನಪಿಟ್ಟುಕೊಳ್ಳುತ್ತೇನೆ” ಎಂದರು.

ರಾತ್ರಿ ಸಹಸ್ರಲಿಂಗದಿಂದ ಮರಳಿ ಜಾಗರಣೆಗೆ ಜಗಲಿಯಲ್ಲಿ ಕುಳಿತಿದ್ದೆವು. ಈ ಮಾಸದಲ್ಲಿ ಸೂರ್ಯ ಗಡಿಯಾರಕ್ಕಿಂತ ಇನ್ನೂ ಹದಿಮೂರು ಹದಿನಾಲ್ಕು ನಿಮಿಷ ಹಿಂದಾಗುವುದರಿಂದ ಸೋಂದೆಯ ನಿಜವಾದ ನಡುರಾತ್ರಿ ಹನ್ನೆರಡೂ ಮುಕ್ಕಾಲರ ಸುಮಾರಿಗೆ. ಆ ಹೊತ್ತಿಗೆ ಯಜಮಾನರು ಲಾಟೀನಿನ ಬೆಳಕಿಗೆ ಗಡಿಯಾರ ಹಿಡಿದು ನೋಡಿದರು. “ಅಲ್ಲಿ ಮಧ್ಯಾಹ್ನ ಎರಡೂಕಾಲು. ಕೆಲಸದಲ್ಲಿರುತ್ತಾನೆ” ಎಂದರು. ಸ್ವಲ್ಪ ತಡೆದು ಫೋನು ಕೈಗೆತ್ತಿಕೊಂಡರು. ಆ ಕಡೆಯಿಂದ ದನಿ ಬಂದುದು ಕೇಳಿಸಿತು. ನಾವು ಎದ್ದು ಅಂಗಳದ ಆಚೆಗೆ ನಡೆದೆವು.