ದಿನಕ್ಕೊಂದು ಕೊನೆ ಬೇಕು

ನಮ್ಮ ಬೀದಿಯ ಕಿರಾಣಿ ಅಂಗಡಿಯವರು ರಾತ್ರಿ ಅಂಗಡಿ ಮುಚ್ಚುವುದನ್ನು ನಿಂತು ನೋಡಬೇಕು. ಒಂಬತ್ತೂವರೆಯ ಹೊತ್ತಿಗೆ ಹೊರಗಿಟ್ಟಿದ್ದ ಈರುಳ್ಳಿ ಚೀಲ, ನೀರಿನ ಕ್ಯಾನು, ಮೊಟ್ಟೆಯ ಟ್ರೇ ಒಂದೊಂದಾಗಿ ಒಳಗೆ ಹೋಗುತ್ತವೆ. ಗಲ್ಲಾಪೆಟ್ಟಿಗೆಯ ನೋಟುಗಳನ್ನು ವಿಂಗಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಅಂದಿನ ಉದ್ರಿಯನ್ನು ಪುಸ್ತಕಕ್ಕೆ ಏರಿಸುತ್ತಾರೆ. ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿನ ಮೇಲೆ ನಾಳೆ ತರಬೇಕಾದ್ದನ್ನು ಬರೆದಿಡುತ್ತಾರೆ: ತೊಗರಿಬೇಳೆ, ಚಿರೋಟಿ ರವೆ, ಬೆಂಕಿಪೊಟ್ಟಣ. ಆಮೇಲೆ ದೇವರ ಪಟಕ್ಕೆ ಊದಿನಕಡ್ಡಿ ಬೆಳಗಿ, ಲೈಟು ಆರಿಸಿ, ಷಟರ್ ಎಳೆದು ಬೀಗ ಹಾಕುತ್ತಾರೆ. ಬೀಗವನ್ನು ಒಮ್ಮೆ ಜಗ್ಗಿ ನೋಡಿ, ಬಾಗಿಲಿಗೆ ಕೈಮುಗಿದು ಹೊರಡುತ್ತಾರೆ. ಅಷ್ಟಾದ ಮೇಲೆ ಯಾರಾದರೂ ಓಡಿ ಬಂದು, "ಅಣ್ಣಾ, ಒಂದು ಪ್ಯಾಕೆಟ್ ಹಾಲು" ಎಂದರೆ, "ಕ್ಲೋಸ್ ಆಯ್ತಮ್ಮಾ, ಬೆಳಗ್ಗೆ ಬನ್ನಿ" ಎನ್ನುತ್ತಾರೆ. ಆ ಮಾತಿನಲ್ಲಿ ಸಿಟ್ಟಿಲ್ಲ, ಅಳುಕೂ ಇಲ್ಲ.

ಅವರಿಗೇನೂ ಚಿಂತೆ ಕಡಿಮೆಯಿಲ್ಲ. ಅಂಗಡಿಯ ಬಾಡಿಗೆ ಇದೆ, ವಸೂಲಾಗದ ಉದ್ರಿ ಇದೆ, ಹತ್ತು ನಿಮಿಷದಲ್ಲಿ ಮನೆಗೇ ಸಾಮಾನು ತಲುಪಿಸುವ ಆ್ಯಪ್‌ಗಳ ಪೈಪೋಟಿ ಇದೆ. ಆದರೂ ಅವರ ದಿನಕ್ಕೆ ಒಂದು ಕೊನೆ ಇದೆ, ನಮ್ಮಲ್ಲಿ ಬಹಳ ಮಂದಿಯ ದಿನಕ್ಕೆ ಅದು ಇಲ್ಲ. ದಿನನಿತ್ಯದ ಒತ್ತಡದ ಬಗ್ಗೆ ಎಷ್ಟೋ ಸಲಹೆಗಳು ಕಿವಿಗೆ ಬೀಳುತ್ತವೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಕೊನೆ.

ಒತ್ತಡವೇ ಇಲ್ಲದ ಬದುಕು ಯಾರಿಗೂ ಸಿಕ್ಕಿಲ್ಲ, ಸಿಗಬೇಕಾಗಿಯೂ ಇಲ್ಲ. ಗದ್ದೆಯ ಬದುವಿನ ಮೇಲೆ ಹಾವು ಕಂಡಾಗ ಎದೆ ಡವಡವ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಕಾಲಿಗೆ ಎಲ್ಲಿಲ್ಲದ ಬಲ ಬರುವುದು ನಮ್ಮನ್ನು ಉಳಿಸುವುದಕ್ಕೇ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಆ ಹೊತ್ತಿನಲ್ಲಿ ಹಾರ್ಮೋನು ಸುರಿಸುತ್ತವೆ. ಹೊಟ್ಟೆಯ ಕಡೆಗೆ ಹರಿಯುತ್ತಿದ್ದ ರಕ್ತ ಕೈಕಾಲಿನ ಸ್ನಾಯುಗಳ ಕಡೆಗೆ ತಿರುಗುತ್ತದೆ. ಎದುರಿಸು, ಇಲ್ಲವೇ ಓಡು ಎಂದು ಮೈ ಸಜ್ಜಾಗುವ ಈ ಬಗೆಯನ್ನು ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ಪುಸ್ತಕವೊಂದರಲ್ಲಿ ವಿವರಿಸಿದರು. ಹಾವು ಸರಿದು ಹೋಗುತ್ತದೆ. ನಾವು ಹತ್ತು ಮಾರು ಓಡಿ, ಮರದ ಬುಡದಲ್ಲಿ ಕೂತು ಏದುಸಿರು ಬಿಡುತ್ತೇವೆ, ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತೇವೆ. ಮೈ ತಾನಾಗಿಯೇ ತಣ್ಣಗಾಗುತ್ತದೆ.

ರಾತ್ರಿ ಹತ್ತಕ್ಕೆ ಬರುವ ಮ್ಯಾನೇಜರರ ಮೆಸೇಜಿಗೂ ಮೈ ಹೀಗೇ ಸಜ್ಜಾಗುತ್ತದೆ. ಓಡುವುದಕ್ಕೆ ಜಾಗವಿಲ್ಲ, ಹೇಳಿಕೊಳ್ಳುವುದಕ್ಕೆ ಹೊತ್ತಿಲ್ಲ. ಅದರ ಹಿಂದೆಯೇ ಶಾಲೆಯ ವಾಟ್ಸ್ಆ್ಯಪ್ ಗುಂಪಿನದು, ಅದಾದ ಮೇಲೆ ಸಾಲದ ಕಂತಿನದು. ಒತ್ತಡ ಹೀಗೆ ಸಾಲುಗಟ್ಟಿದರೆ ಏನಾಗುತ್ತದೆ? ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲಿ ಮಾಂಟ್ರಿಯಲ್‌ನಿಂದ ಪ್ರಕಟಿಸಿದ ಪುಟ್ಟ ಬರಹದಲ್ಲಿ ಇಲಿಗಳ ಪಾಡು ಇದೆ. ಚಳಿ, ಗಾಯ, ಅತಿಯಾದ ದುಡಿಮೆ ಯಾವುದೇ ಇರಲಿ, ಅವುಗಳ ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು, ಜಠರದಲ್ಲಿ ಹುಣ್ಣಾಗಿತ್ತು. ಹಾವಿನ ಮುಂದೆ ನಮ್ಮನ್ನು ಕಾಪಾಡುವ ಅದೇ ವ್ಯವಸ್ಥೆ, ಬಿಡುವಿಲ್ಲದೆ ನಡೆದರೆ ನಮ್ಮನ್ನೇ ತಿನ್ನುತ್ತದೆ. ಹಾಗಾಗಿ ಇವತ್ತಿನ ಮಟ್ಟಿಗೆ ಮುಗಿಯಿತು ಎಂದು ಮೈಗೆ ದಿನವೂ ತಿಳಿಸಬೇಕು.

ತಿಳಿಸುವುದು ಹೇಗೆ? ಅಂಗಡಿಯವರು ಕ್ಯಾಲೆಂಡರ್ ಹಾಳೆಯ ಬೆನ್ನಿನ ಮೇಲೆ ಬರೆಯುವ ಪಟ್ಟಿಯಲ್ಲೇ ಒಂದು ದಾರಿ ಇದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಮಂದಿ ತರುಣ ತರುಣಿಯರನ್ನು ಪ್ರಯೋಗಾಲಯದಲ್ಲಿ ಮಲಗಿಸಿ ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಮಲಗುವ ಮುನ್ನ ಐದು ನಿಮಿಷ ಒಂದು ಗುಂಪು ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆಯಿತು, ಇನ್ನೊಂದು ಗುಂಪು ಮಾಡಿ ಮುಗಿಸಿದ್ದನ್ನು ಬರೆಯಿತು. ಆಗಬೇಕಾದ್ದನ್ನು ಬರೆದವರು ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ಅವರಲ್ಲೂ ಪಟ್ಟಿಯನ್ನು ಬಿಡಿಬಿಡಿಯಾಗಿ ಬರೆದವರಿಗೆ ಇನ್ನೂ ಬೇಗ ನಿದ್ದೆ ಹತ್ತಿತು. "ಬ್ಯಾಂಕಿನ ಕೆಲಸ" ಎಂದು ಒಂದೇ ಸಾಲು ಬರೆದರೆ ಸಾಲದು. "ಹನ್ನೊಂದಕ್ಕೆ ಬ್ಯಾಂಕು, ಪಾಸ್‌ಬುಕ್, ಆಧಾರ್ ಜೆರಾಕ್ಸ್" ಎಂದು ಬರೆಯಬೇಕು. ಅಧ್ಯಯನ ಸಣ್ಣದು, ನಿಜ. ಆದರೆ ಖರ್ಚಿಲ್ಲದ ಉಪಾಯ, ಕೆಡುಕೂ ಇಲ್ಲ. ಫೋನಿನಲ್ಲಿ ಬರೆಯಬೇಡಿ. ಬರೆಯಲೆಂದು ಕೈಗೆತ್ತಿಕೊಂಡ ಫೋನು ಅರ್ಧ ಗಂಟೆ ಕೈ ಬಿಡುವುದಿಲ್ಲ.

ಎರಡನೆಯ ದಾರಿ ಉಸಿರು. ಬಲಗೈಯ ಎರಡು ಬೆರಳನ್ನು ಎಡ ಮಣಿಕಟ್ಟಿನ ನಾಡಿಯ ಮೇಲಿಟ್ಟು ನಿಧಾನವಾಗಿ ಉಸಿರಾಡಿ ನೋಡಿ. ಉಸಿರು ಒಳಗೆಳೆದಾಗ ನಾಡಿ ತುಸು ಚುರುಕಾಗುತ್ತದೆ, ಬಿಟ್ಟಾಗ ತುಸು ನಿಧಾನಿಸುತ್ತದೆ. ಎಳೆಯ ವಯಸ್ಸಿನವರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರದ ಕೆಲಸ ಇದು. ಸುಮ್ಮನಿದ್ದಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ನಾಲ್ಕು ಎಣಿಸುತ್ತ ಒಳಗೆಳೆದು, ಆರು ಎಣಿಸುತ್ತ ಹೊರಗೆ ಬಿಟ್ಟರೆ ಅದು ಆರಕ್ಕೆ ಇಳಿಯುತ್ತದೆ. ಐದು ನಿಮಿಷ ಸಾಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಿಂತ ಬಸ್ಸಿನಲ್ಲೂ ಮಾಡಬಹುದು, ಪಕ್ಕದವರಿಗೆ ತಿಳಿಯುವುದೂ ಇಲ್ಲ. ಸಾಧ್ಯವಾದರೆ ಒಂದು ಸ್ಟಾಪ್ ಮುಂಚೆ ಇಳಿದು ನಡೆಯಿರಿ. ಓಡಲೆಂದು ಸಜ್ಜಾದ ಕಾಲಿಗೆ ಒಂದಿಷ್ಟು ಕೆಲಸ ಸಿಕ್ಕಂತಾಗುತ್ತದೆ. ಮನೆಗೆ ಬಂದವರು ಕೈಕಾಲು ತೊಳೆದು ಒಳಗೆ ಬರಬೇಕೆಂದು ಹಿರಿಯರು ಹೇಳುತ್ತಿದ್ದುದೂ ಹೊರಗಿನ ದಿನವನ್ನು ಬಾಗಿಲಲ್ಲೇ ಬಿಡಲು ನೆರವಾಗುವ ರೂಢಿ. ಅದನ್ನು ಬಿಡಬೇಡಿ.

ಕುಡಿತ ಈ ಪಟ್ಟಿಗೆ ಸೇರುವುದಿಲ್ಲ. ಎರಡು ಪೆಗ್ ಬಿದ್ದರೆ ನಿದ್ದೆ ಬೇಗ ಬರುತ್ತದೆ, ಆದರೆ ನಡುರಾತ್ರಿಯ ಮೇಲೆ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಬೆಳಗಾಗುವಾಗ ಮೈ ಇನ್ನಷ್ಟು ದಣಿದಿರುತ್ತದೆ.

ಕೆಲಸದ ಕಡೆಯಿಂದಲೂ ನ್ಯಾಯ ಬೇಕು. ಕಚೇರಿಯ ಹೊತ್ತು ಮುಗಿದ ಮೇಲೆ ಬರುವ ಕರೆ, ಮೇಲ್‌ಗಳಿಂದ ದೂರವಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕಾನೂನಿನಲ್ಲಿದೆ. ನಮ್ಮಲ್ಲೂ ಅಂಥದ್ದು ಬರಬೇಕು. ಬರುವ ತನಕ, ನೀವು ಯಾರಿಗಾದರೂ ಮೇಲಧಿಕಾರಿಯಾಗಿದ್ದರೆ, ರಾತ್ರಿ ಹೊಳೆದದ್ದನ್ನು ಬರೆದಿಟ್ಟುಕೊಂಡು ಬೆಳಗ್ಗೆ ಕಳಿಸಿ. ಅಷ್ಟರಿಂದ ನಾಲ್ಕಾರು ಮನೆಗಳ ರಾತ್ರಿ ಉಳಿಯುತ್ತದೆ.

ತೀರದ ಸಾಲ, ಹಾಸಿಗೆ ಹಿಡಿದ ತಂದೆ, ದಿನವೂ ಅವಮಾನಿಸುವ ಕೆಲಸ, ಇವು ಉಸಿರು ಎಣಿಸಿದರೆ ಹೋಗುವಂಥವಲ್ಲ. ಅವುಗಳಿಗೆ ದುಡ್ಡು ಬೇಕು, ಜೊತೆಗೆ ನಿಲ್ಲುವ ಜನ ಬೇಕು, ಕೆಲವೊಮ್ಮೆ ಆ ಕೆಲಸವನ್ನೇ ಬಿಡಬೇಕು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ, ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ ಅದು. ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮನೆಯೊಳಗೆ ಬರೋಣ. ಕಚೇರಿ ಬಿಡುವ ಹೊತ್ತು ಗೊತ್ತಿರುತ್ತದೆ, ಅಡುಗೆಮನೆ ಬಿಡುವ ಹೊತ್ತು ಯಾವುದು? ಎಲ್ಲರೂ ಮಲಗಿದ ಮೇಲೂ ಅಮ್ಮನೋ ಹೆಂಡತಿಯೋ ಅಲ್ಲೇ ಓಡಾಡುತ್ತಿರುತ್ತಾರೆ. ಹಾಲಿಗೆ ಹೆಪ್ಪು ಹಾಕಬೇಕು, ಇಡ್ಲಿಗೆ ನೆನೆಹಾಕಿದ್ದನ್ನು ರುಬ್ಬಬೇಕು, ಕಾರ್ಪೊರೇಷನ್ ನೀರು ಬಿಡುವ ದಿನವಾದರೆ ಒಂದು ಕಿವಿ ಸಂಪಿನ ಕಡೆಗೇ ಇರಬೇಕು. ಮಗುವಿನ ಯೂನಿಫಾರಂ ಒಣಗಿತೋ ಇಲ್ಲವೋ, ನಾಳೆ ಡಬ್ಬಿಗೆ ಏನು ಕಟ್ಟುವುದು ಎಂಬ ಲೆಕ್ಕ ಹಾಸಿಗೆಯವರೆಗೂ ಹಿಂದೆ ಬರುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಆ ಕೆಲಸಕ್ಕೆ ಕೈ ಹಚ್ಚುವ ಗಂಡಸರು ಕೊಡುವುದು 88 ನಿಮಿಷ. ಹೊರಗೆ ದುಡಿದು ಬಂದ ಹೆಂಗಸಿಗೆ ಮನೆಯಲ್ಲಿ ಎರಡನೆಯ ಪಾಳಿ ಕಾದಿರುತ್ತದೆ.

ಅಂಥವರಿಗೆ "ಟೆನ್ಷನ್ ಮಾಡ್ಕೋಬೇಡ, ಸ್ವಲ್ಪ ಯೋಗ ಮಾಡು" ಎಂದು ಹೇಳುವುದು ಅನ್ಯಾಯ. ಇವತ್ತು ರಾತ್ರಿ ಊಟವಾದ ಮೇಲೆ ಅವರನ್ನು ಜಗಲಿಯಲ್ಲೋ ಬಾಲ್ಕನಿಯಲ್ಲೋ ಕೂರಿಸಿ. ಪಾತ್ರೆ ತೊಳೆಯುವುದು, ಸ್ಟೌ ಒರೆಸುವುದು, ಹೆಪ್ಪು ಹಾಕುವುದು, ನಾಳೆಯ ಡಬ್ಬಿಗೆ ಏನೆಂದು ಯೋಚಿಸುವುದು, ಇಷ್ಟನ್ನೂ ಮನೆಯ ಉಳಿದವರು ಹಂಚಿಕೊಳ್ಳಿ. ನಾಳೆಯೂ ಹಾಗೇ ಮಾಡಿ.