ಲೌಟ್ನರನ ತಪ್ಪೊಪ್ಪಿಗೆ

ಚೆಕ್ ದೇಶದ ಉತ್ತರ ಮೊರಾವಿಯಾದಲ್ಲಿರುವ ಶುಂಪೆರ್ಕ್ ಪಟ್ಟಣವನ್ನು ಯೆಸೆನಿಕಿ ಬೆಟ್ಟಸಾಲಿನ ಹೆಬ್ಬಾಗಿಲು ಎನ್ನುತ್ತಾರೆ. ಬ್ರನೋದಲ್ಲಿ ಕೆಲಸಕ್ಕಿರುವ ಮಗನಿಗೆ 1,491 ಮೀಟರ್ ಎತ್ತರದ ಪ್ರಾದ್ಯೆದ್ ಶಿಖರ ಹತ್ತುವ ಆತುರ. ನಾನೋ, ಊರೊಳಗಿನ ಗೆಶಾಡರ್ ಮನೆಯ ನೆಲಮಾಳಿಗೆಯಲ್ಲೇ ಕಾಲೂರಿಬಿಟ್ಟೆ. ಸೆಷನ್ಸ್ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುತ್ತಲೇ ತಲೆ ನರೆತವಳಿಗೆ ಮಾಟಗಾತಿಯರ ವಿಚಾರಣೆಯ ಪ್ರದರ್ಶನ ಸಿಕ್ಕರೆ ಬೆಟ್ಟ ಎಲ್ಲಿ ನೆನಪಾದೀತು?

ಕೇಸು ಹುಟ್ಟಿದ್ದು 1678ರ ಈಸ್ಟರ್ ಹೊತ್ತಿಗೆ, ಹತ್ತಿರದ ಸೊಬೊಟೀನ್ ಹಳ್ಳಿಯ ಚರ್ಚಿನಲ್ಲಿ. ಭಿಕ್ಷುಕಿಯೊಬ್ಬಳು ಪರಮಪ್ರಸಾದವನ್ನು ನುಂಗದೆ ಬಾಯಿಂದ ತೆಗೆದು ಬಚ್ಚಿಟ್ಟುಕೊಂಡಳು. ಹಸುವಿಗೆ ತಿನ್ನಿಸಿದರೆ ಹಾಲು ಹೆಚ್ಚುತ್ತದೆಂದು ಸೂಲಗಿತ್ತಿಯೊಬ್ಬಳು ತರಹೇಳಿದ್ದಳಂತೆ. ಆ ರೊಟ್ಟಿ ಕ್ರಿಸ್ತನ ದೇಹವೇ ಎಂದು ಗುರುಗಳು ಕಲಿಸಿದ್ದನ್ನು ಅಂದು ಆ ಚರ್ಚಿನಲ್ಲಿ ಇವಳಷ್ಟು ಅಕ್ಷರಶಃ ನಂಬಿದವರು ಇನ್ನೊಬ್ಬರಿರಲಿಕ್ಕಿಲ್ಲ. ದೇವರ ದೇಹಕ್ಕೆ ಒಂದು ಹಸುವಿನ ಕೆಚ್ಚಲು ತುಂಬಿಸುವ ಶಕ್ತಿಯೂ ಇರಬಾರದೇ?

ಅವಳು ಸಿಕ್ಕಿಬಿದ್ದ ಮೇಲೆ ಹತ್ತಿರದ ವೆಲ್ಕೆ ಲೊಸಿನಿಯ ಜಮೀನ್ದಾರಿ ಮನೆತನ ಬೊಬ್ಲಿಗ್ ಎಂಬ ವಿಚಾರಣಾಧಿಕಾರಿಯನ್ನು ಕರೆಸಿತು. ಮುಂದಿನ ಹದಿನೆಂಟು ವರ್ಷಗಳಲ್ಲಿ ಸುಮಾರು 100 ಜನ ಸತ್ತರು. ಹೆಬ್ಬೆರಳು ಹಿಂಡುವ ತಿರುಪು, ಕಾಲಿನ ಎಲುಬು ಮುರಿಯುವ ಕಬ್ಬಿಣದ ಬೂಟು: ಇವು ಬಾಯಿ ಬಿಡಿಸುವ ಉಪಕರಣಗಳು. ಬಾಯಿ ಬಿಟ್ಟವರು ಹೇಳಿದ ಕಥೆಯೂ ಒಂದೇ. ಪ್ರಾದ್ಯೆದ್ ಪಕ್ಕದ ಪೆಟ್ರೊವಿ ಕಾಮೆನಿ ಎಂಬ ಬಂಡೆಗೆ ರಾತ್ರಿ ಹಾರಿಹೋಗುತ್ತಿದ್ದೆವು, ಅಲ್ಲಿ ಸೈತಾನನ ಕೂಟ ಸೇರುತ್ತಿತ್ತು. ಇಷ್ಟು ಜನ ಒಂದೇ ಮಾತು ಹೇಳಿದ ಮೇಲೆ ಸುಳ್ಳಾಗುವುದುಂಟೇ ಎಂಬುದು ಪೀಠದ ತರ್ಕ. ಸಾಕ್ಷಿಗಳ ಹೇಳಿಕೆ ಅಕ್ಷರ ಬಿಡದೆ ಹೊಂದಿದಾಗಲೇ ನನ್ನಂಥವಳ ಕಿವಿ ನೆಟ್ಟಗಾಗುವುದು. ಎಲ್ಲರಿಗೂ ಪಾಠ ಹೇಳಿಕೊಟ್ಟವನು ಒಬ್ಬನೇ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ನಡೆಯದು ಎಂದು 2024ರವರೆಗೆ ಜಾರಿಯಲ್ಲಿದ್ದ ನಮ್ಮ 1872ರ ಸಾಕ್ಷ್ಯ ಕಾಯ್ದೆ ಬರೆದಿಟ್ಟದ್ದು ಸುಮ್ಮನೆ ಅಲ್ಲ.

ಬೊಬ್ಲಿಗನ ವಿಚಾರಣೆಯನ್ನು ಅನುಮಾನಿಸಿದವನೊಬ್ಬ ಅಲ್ಲೇ ಇದ್ದ. ಶುಂಪೆರ್ಕಿನ ಪ್ರಧಾನ ಪಾದ್ರಿ ಕ್ರಿಷ್ಟೊಫ್ ಅಲೋಯಿಸ್ ಲೌಟ್ನರ್. 1680ರಲ್ಲಿ ಅವನನ್ನೇ ಹಿಡಿದರು. ವರ್ಷಗಟ್ಟಲೆ ಮೀರೊವ್ ಕೋಟೆಯಲ್ಲಿ ಕೂಡಿಹಾಕಿದರು. ಇಲ್ಲ ಇಲ್ಲ ಎನ್ನುತ್ತಿದ್ದವನು ಚಿತ್ರಹಿಂಸೆಯಲ್ಲಿ ಹೌದೆಂದ. 1685ರ ಸೆಪ್ಟೆಂಬರ್ 18ರಂದು ಮೊಹೆಲ್ನಿತ್ಸೆಯಲ್ಲಿ ಸುಟ್ಟರು. ಸುಳ್ಳು ಪಾಪವೆಂದು ಬೋಧಿಸಿದವನು ಸುಳ್ಳನ್ನು ಒಪ್ಪಿಕೊಂಡು ಸತ್ತ. ಆ ಪಾಪ ಯಾರ ಲೆಕ್ಕಕ್ಕೆ? ಕೊನೆಯುಸಿರಿನವರೆಗೂ ತಡೆದುಕೊಂಡವರನ್ನು ಮಾತ್ರ ಹುತಾತ್ಮರೆಂದು ಮೆರೆಸುವ ಧರ್ಮಗಳ ಮೇಲೆ ನನಗೆ ಸಿಟ್ಟಿದೆ. ಎಲುಬು ಮುರಿಯುವಾಗ ಬಂದ ‘ಹೌದು’ ಆತ್ಮದ ಮಾತಲ್ಲ. ಹಾಗೆಂದು ಅದಕ್ಕೆ ಬೆಲೆಯಿಲ್ಲವೆನ್ನಲಾರೆ. ಇಂಥ ಹೌದುಗಳಲ್ಲಿ ಇತರರ ಹೆಸರೂ ಇರುತ್ತಿತ್ತು, ಲೌಟ್ನರನ ಹೆಸರು ಬಂದದ್ದೂ ಹಾಗೆಯೇ.

ಬೊಬ್ಲಿಗ್ ನನಗೆ ಅರ್ಥವಾಗುತ್ತಾನೆ. ಅಂಥವರನ್ನು ಕಟಕಟೆಯ ಎರಡೂ ಬದಿ ಕಂಡಿದ್ದೇನೆ. ಅರ್ಥವಾಗದವನು ಓಲೊಮೌಟ್ಸಿನ ಬಿಷಪ್, ಲಿಖ್ಟೆನ್‌ಸ್ಟೈನ್-ಕಾಸ್ಟೆಲ್ಕೊರ್ನ್ ಮನೆತನದ ಕಾರ್ಲ್. ಪಿಟೀಲು ವಾದಕ ಬೀಬರ್ ಅವನ ಆಸ್ಥಾನದಲ್ಲಿದ್ದ. ಕ್ರೊಮ್ಯೆರ್ಝೀಝ್‌ನ ಹೂದೋಟ ಅವನೇ ಮಾಡಿಸಿದ್ದು, ಅದೀಗ ವಿಶ್ವ ಪರಂಪರೆಯ ತಾಣ. ಅವನ ಒಪ್ಪಿಗೆಯಿಲ್ಲದೆ ಪಾದ್ರಿಯನ್ನು ಮುಟ್ಟುವಂತಿರಲಿಲ್ಲ. ಒಪ್ಪಿಗೆ ಕೊಟ್ಟ. ಅವನಿಗೊಂದು ಪಾಟಿ ಸವಾಲು ಹಾಕಬೇಕಿತ್ತು: ಸೈತಾನ ಸುಳ್ಳುಗಾರನೆಂದು ನಿಮ್ಮ ಬೈಬಲ್ಲೇ ಹೇಳುತ್ತದಲ್ಲ ಸ್ವಾಮಿ, ಮತ್ತೆ ಅವನ ಶಿಷ್ಯರೆಂದು ನೀವೇ ಕರೆದವರ ಬಾಯಿಮಾತನ್ನು ನಿಮ್ಮದೇ ಗುರುವಿನ ವಿರುದ್ಧ ಸಾಕ್ಷಿಯೆಂದು ಹೇಗೆ ಒಪ್ಪಿದಿರಿ?