ಬ್ಯಾಂಕಿನ ಲೆಕ್ಕ, ನಮ್ಮ ಲೆಕ್ಕ



ಕಾರ್ಡ್‌ನಲ್ಲಿ ನಾವು ಮಾಡಿದ ಖರ್ಚನ್ನು ನೋಡಿ, ಅದರಿಂದ ಎಷ್ಟು ಇಂಗಾಲ ಗಾಳಿಗೆ ಸೇರಿತೆಂದು ಅಂದಾಜು ಹೇಳುವ ಮೊಬೈಲ್ ಆ್ಯಪ್‌ಗಳು ಈಗ ಬಂದಿವೆ. ಇಲ್ಲಿನ ಕಾಮನ್‌ವೆಲ್ತ್ ಬ್ಯಾಂಕ್ 2021ರಲ್ಲಿ ನ್ಯೂಜಿಲೆಂಡ್ ಮೂಲದ ಕೋಗೊ ಕಂಪನಿಯ ಜೊತೆ ಸೇರಿ ಗ್ರಾಹಕರಿಗೆ ಈ ಸೌಲಭ್ಯ ಕೊಡುವುದಾಗಿ ಪ್ರಕಟಿಸಿತು. ಇಂತಹ ಒಂದು ಅಂಕಿಯನ್ನು ನೋಡಿ ಒಬ್ಬನನ್ನು ದುಂದುಗಾರನೆಂದೋ ಮಿತವ್ಯಯಿಯೆಂದೋ ತೀರ್ಮಾನಿಸಬಹುದೇ?

ಮೊದಲು ಲೆಕ್ಕದ ವಿಧಾನ ತಿಳಿಯೋಣ. ಬ್ಯಾಂಕಿಗೆ ಕಾಣುವುದು ಅಂಗಡಿಯ ಹೆಸರು ಮತ್ತು ಕೊಟ್ಟ ಹಣ. ಚೀಲದೊಳಗೆ ಏನಿದೆಯೆಂದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ದಿನಸಿ, ಪೆಟ್ರೋಲ್, ವಿದ್ಯುತ್, ಬಟ್ಟೆ ಎಂದು ಖರ್ಚನ್ನು ವಿಂಗಡಿಸಿ, ಆಯಾ ವಿಭಾಗದಲ್ಲಿ ಒಂದು ಡಾಲರಿಗೆ ಸರಾಸರಿ ಎಷ್ಟು ಇಂಗಾಲವೋ ಅದರಿಂದ ಗುಣಿಸುತ್ತಾರೆ. ಇದೇ ಇಂತಹ ಅಂದಾಜಿನ ಬುನಾದಿ.

ಒಂದೇ ತೂಕದ, ಒಂದೇ ಬಗೆಯ ಮಾಂಸವನ್ನು ಒಬ್ಬರು 15 ಡಾಲರಿಗೆ, ಇನ್ನೊಬ್ಬರು 20 ಡಾಲರಿಗೆ ಕೊಂಡರು ಎನ್ನಿ. ಎರಡನೆಯವರ ಲೆಕ್ಕಕ್ಕೆ ಮೂರನೇ ಒಂದು ಪಾಲು ಹೆಚ್ಚು ಇಂಗಾಲ ಬೀಳುತ್ತದೆ. ಮೆಲ್ಬರ್ನ್‌ನ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಲಟ್ರೋಬ್ ಕಣಿವೆಯ ಕಂದು ಕಲ್ಲಿದ್ದಲಿನದು; ಟಾಸ್ಮೇನಿಯಾದ್ದು ಬಹುತೇಕ ಜಲವಿದ್ಯುತ್. ದೇಶಕ್ಕೆಲ್ಲ ಒಂದೇ ಸರಾಸರಿ ಹಿಡಿದರೆ ಆ ವ್ಯತ್ಯಾಸವೇ ಕಾಣದು.

ನಮ್ಮ ಬದುಕಿಗೆ ಇನ್ನೂ ಹತ್ತಿರದ ಉದಾಹರಣೆ ನೋಡಿ. ಸಿಡ್ನಿಯ ಲಕೆಂಬಾದಲ್ಲಿ ಆರು ಮಂದಿ ಒಂದೇ ಮನೆಯಲ್ಲಿದ್ದಾರೆ ಎನ್ನಿ. ಆರು ಜನರ ಅಕ್ಕಿ, ಎಣ್ಣೆ, ಕೋಳಿಗೆ ಒಬ್ಬ ಕಾರ್ಡ್ ಕೊಡುತ್ತಾನೆ, ಉಳಿದವರು ತಮ್ಮ ಪಾಲನ್ನು ನಗದಾಗಿ ಅವನ ಕೈಗಿಡುತ್ತಾರೆ. ಆ್ಯಪ್‌ನಲ್ಲಿ ಅವನೇ ದೊಡ್ಡ ತಪ್ಪಿತಸ್ಥ, ಉಳಿದ ಐವರು ಸಜ್ಜನರು! ಎಲ್ಲರಿಗಾಗಿ ಅಂಗಡಿಗೆ ಹೋಗಿ ಚೀಲ ಹೊತ್ತವನ ಮೇಲೆ ಎಲ್ಲರ ಭಾರ. ಆದ್ದರಿಂದ ಈ ಅಂಕಿಯನ್ನು ಹಿಡಿದು ಇನ್ನೊಬ್ಬ ಸಹೋದರನನ್ನು ಅಳೆಯುವುದು ನ್ಯಾಯವಲ್ಲ.

ಹಾಗಾದರೆ ಲೆಕ್ಕವೇ ಸುಳ್ಳು, ನಾವು ನಿಶ್ಚಿಂತರು ಎನ್ನೋಣವೇ? ಅದೂ ಸರಿಯಲ್ಲ. ಈ ಲೆಕ್ಕದ ಕುರುಡುತನ ಕೆಲವೊಮ್ಮೆ ನಮ್ಮ ತಪ್ಪನ್ನೂ ಮುಚ್ಚುತ್ತದೆ. ಇಫ್ತಾರಿಗೆಂದು ತಂದ ಬಿರಿಯಾನಿಯನ್ನು ಹಸಿದವರು ಉಂಡರೂ, ಅರ್ಧ ಕಸದ ಡಬ್ಬಿಗೆ ಹೋದರೂ ಆ್ಯಪ್‌ನ ಅಂಕಿ ಒಂದೇ. ಕಸದ ಗುಂಡಿಯಲ್ಲಿ ಹೂತ ಅನ್ನ ಕೊಳೆತು ಮೀಥೇನ್ ಆಗುತ್ತದೆ. ಅದು ಇಂಗಾಲದ ಡೈಆಕ್ಸೈಡ್‌ಗಿಂತ ಬಹಳ ಪ್ರಬಲವಾಗಿ ಭೂಮಿಯನ್ನು ಬಿಸಿ ಮಾಡುವ ಅನಿಲ.

ತುಂಬಿ ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ನಾವು ಚಿಕ್ಕಂದಿನಲ್ಲೇ ಕಲಿತಿದ್ದೇವೆ. ನದಿಯ ನೀರಿಗೆ ಬಿಲ್ಲಿಲ್ಲ, ಬೆಲೆಯಿಲ್ಲ. ಆದರೂ ಪೋಲು ಪೋಲೇ. ಬೆಲೆಯಿಂದ ಅಳೆಯಲಾಗದ ಹೊಣೆಯೊಂದಿದೆ ಎಂಬುದೇ ಆ ಪಾಠ.

ಆ್ಯಪ್‌ನ ಅಂಕಿ ನಮ್ಮನ್ನು ಎಚ್ಚರಿಸಿದರೆ ಒಳ್ಳೆಯದು. ಆದರೆ ಅಲ್ಲಿಗೇ ನಿಲ್ಲದೆ ಡಾಲರಿನ ಬದಲು ವಸ್ತುವನ್ನೇ ಲೆಕ್ಕ ಹಾಕೋಣ: ಎಷ್ಟು ಕಿಲೋ ಮಾಂಸ, ಎಷ್ಟು ಲೀಟರ್ ಪೆಟ್ರೋಲ್, ಎಷ್ಟು ಯೂನಿಟ್ ವಿದ್ಯುತ್. ಇಂದು ರಾತ್ರಿ ತರಾವೀಹ್ ಮುಗಿಸಿ ಮನೆಗೆ ಮರಳಿದಾಗ ಅಡುಗೆಮನೆಯ ಕಸದ ಡಬ್ಬಿಯ ಮುಚ್ಚಳ ತೆರೆದು ನೋಡಿ. ಬ್ಯಾಂಕಿಗೆ ಕಾಣದ ಲೆಕ್ಕ ಅಲ್ಲಿದೆ. ಅದನ್ನು ನೋಡಿ ನಾಳೆಯ ಅಕ್ಕಿಯನ್ನು ಅಳೆದು ಹಾಕಿ.

ತನ್ನ ಲೆಕ್ಕವನ್ನು ತಾನೇ ಪ್ರಾಮಾಣಿಕವಾಗಿ ನೋಡಿಕೊಳ್ಳುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.